ನೆಲದೊಳಗಿನ ನೀರು ಮತ್ತು ಮನೆಯ ಪಾಯ



ತೊಗರಿ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬಂದೊಡನೆ ನಮ್ಮ ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಮನೆ ಕಟ್ಟುವ ಮಾತು ಆರಂಭವಾಗುತ್ತದೆ. ಕೆಲವರು ಹಳೆಯ ಮಾಳಿಗೆ ಮನೆಯನ್ನು ಕೆಡವಿ ಹೊಸದನ್ನು ಕಟ್ಟುತ್ತಾರೆ. ಕೆಲವರು ಮಕ್ಕಳ ಓದಿಗೆಂದು ಕಲಬುರಗಿ ನಗರದಲ್ಲಿ ನಿವೇಶನ ಕೊಂಡು ಅಲ್ಲಿ ಕಟ್ಟಿಸುತ್ತಾರೆ. ಹೊಲದಲ್ಲಿ ಕಾಳುಕಡಿ ಇಡಲು ಉಗ್ರಾಣ, ದನಗಳಿಗೆ ಕೊಟ್ಟಿಗೆ, ನೀರಿಗೆ ತೊಟ್ಟಿ ಕಟ್ಟಿಸುವವರೂ ಉಂಟು. ಇಟ್ಟಿಗೆ, ಸಿಮೆಂಟು, ಕಬ್ಬಿಣಗಳ ಧಾರಣೆಯನ್ನು ಹತ್ತು ಕಡೆ ವಿಚಾರಿಸುತ್ತೇವೆ. ಆದರೆ ಪಾಯದ ಕೆಳಗೆ ನೀರು ಹೇಗೆ ನಡೆದಾಡುತ್ತದೆ ಎಂಬುದನ್ನು ಮಾತ್ರ ಯಾರನ್ನೂ ಕೇಳುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಸೀಳಿದಾಗ ಗೌಂಡಿಯನ್ನು ಬೈಯುತ್ತೇವೆ, ಇಲ್ಲವೆ ಸಿಮೆಂಟು ಕಡಿಮೆಯಾಯಿತೆಂದು ಕೊರಗುತ್ತೇವೆ. ಅನೇಕ ಸಲ ತಪ್ಪು ಗೋಡೆಯಲ್ಲಿರುವುದಿಲ್ಲ. ಅದು ನೆಲದೊಳಗಿನ ನೀರಿನಲ್ಲಿರುತ್ತದೆ.

ಹೊಲದ ಮಣ್ಣನ್ನು ನಿಮ್ಮಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಆ ತಿಳಿವಳಿಕೆಯನ್ನೇ ಮನೆಯ ಪಾಯಕ್ಕೂ ಹೇಗೆ ಬಳಸಿಕೊಳ್ಳಬಹುದೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದೇ ಪಾಯ, ಎರಡು ನೆಲ

ಇಬ್ಬರು ಅಣ್ಣ ತಮ್ಮಂದಿರಿದ್ದಾರೆಂದು ಇಟ್ಟುಕೊಳ್ಳಿ. ಅಣ್ಣನು ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ, ಕೆಂಬಾಳೆಗೆ ಹೆಸರಾದ ಕೆಂಪು ನೆಲದ ಮೇಲೆ ಮನೆ ಕಟ್ಟಿಸುತ್ತಾನೆ. ತಮ್ಮನು ಕಲಬುರಗಿ ನಗರದ ಹೊರವಲಯದಲ್ಲಿ, ಮೊನ್ನೆ ಮೊನ್ನೆಯವರೆಗೆ ಜೋಳ ತೊಗರಿ ಬೆಳೆಯುತ್ತಿದ್ದ ಎರೆ ಭೂಮಿಯ ನಿವೇಶನದಲ್ಲಿ ಕಟ್ಟಿಸುತ್ತಾನೆ. ಗೌಂಡಿ ಒಬ್ಬನೇ, ನಕ್ಷೆ ಒಂದೇ, ಇಬ್ಬರ ಪಾಯವೂ ಮೂರು ಅಡಿ ಆಳ. ಮಳೆಯೂ ಹೆಚ್ಚುಕಡಿಮೆ ಒಂದೇ. ಅಣ್ಣನ ಮನೆ ಗಟ್ಟಿಯಾಗಿ ನಿಲ್ಲುತ್ತದೆ. ತಮ್ಮನ ಮನೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಬಾಗಿಲು ಚೌಕಟ್ಟಿಗೆ ಹಿಡಿಯುತ್ತದೆ, ನಡುಮನೆಯ ಶಹಾಬಾದಿನ ಫರಸಿ ಮೇಲೆದ್ದು ಅಲುಗಾಡುತ್ತದೆ.

ಹೀಗೇಕೆ? ಎರಡೂ ಕಡೆ ಬಿದ್ದ ನೀರು ಒಂದೇ ಆದರೂ ನೆಲದೊಳಗೆ ಅದು ನಡೆದ ಬಗೆ ಬೇರೆ, ನೆಲಕ್ಕೆ ಅದು ಮಾಡಿದ ಕೆಲಸವೂ ಬೇರೆ. ಒಂದೇ ಊರಿನಲ್ಲಿ, ಒಮ್ಮೊಮ್ಮೆ ಒಂದೇ ಹೊಲದಲ್ಲಿ, ಈ ಎರಡೂ ಬಗೆಯ ನೆಲ ಇರುವುದುಂಟು. ಆದುದರಿಂದ ಊರಿನ ಹೆಸರು ನೋಡದೆ ನೆಲವನ್ನು ನೋಡಬೇಕು.

ಮಣ್ಣಿನಲ್ಲಿ ನೀರು ಹರಿಯುವ ಬಗೆ

ಮಣ್ಣು ಎಂದರೆ ಬರೀ ಕಣಗಳಲ್ಲ. ಕಣಗಳ ನಡುವೆ ಸಂದುಗಳಿರುತ್ತವೆ. ಆ ಸಂದುಗಳಲ್ಲಿ ಗಾಳಿ ಇಲ್ಲವೆ ನೀರು ಇರುತ್ತದೆ. ನೀರು ಹರಿಯುವುದು ಈ ಸಂದುಗಳ ಮೂಲಕವೇ. ಹರಿಯುವ ವೇಗವು ಮುಖ್ಯವಾಗಿ ಮೂರು ಸಂಗತಿಗಳನ್ನು ಅವಲಂಬಿಸಿರುತ್ತದೆ.

ಮೊದಲನೆಯದು ನೀರಿನ ಮಟ್ಟದ ವ್ಯತ್ಯಾಸ. ಒಂದು ಕಡೆ ನೀರು ಎತ್ತರದಲ್ಲಿದ್ದು ಇನ್ನೊಂದು ಕಡೆ ತಗ್ಗಿನಲ್ಲಿದ್ದರೆ ಎತ್ತರದಿಂದ ತಗ್ಗಿಗೆ ಹರಿಯುತ್ತದೆ. ವ್ಯತ್ಯಾಸ ಹೆಚ್ಚಾದಷ್ಟೂ ಹರಿವು ಹೆಚ್ಚು. ಎರಡನೆಯದು ದಾರಿಯ ಉದ್ದ. ದಾರಿ ಉದ್ದವಾದಷ್ಟೂ ಹರಿವು ಕಡಿಮೆ. ಮೂರನೆಯದು ಮಣ್ಣಿನ ಗುಣ, ಅಂದರೆ ಸಂದುಗಳು ಎಷ್ಟು ದೊಡ್ಡವು ಎಂಬುದು. ಫ್ರಾನ್ಸ್ ದೇಶದ ದಿಜೋನ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಿದ ಇಂಜಿನಿಯರ್ ಹೆನ್ರಿ ಡಾರ್ಸಿ ಎಂಬವರು ಉಸುಕು ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿ, ಅಳೆದು, ಈ ನಿಯಮವನ್ನು 1856ರಲ್ಲಿ ಪ್ರಕಟಿಸಿದರು. ಇಂದಿಗೂ ಅಣೆಕಟ್ಟು, ಬಾವಿ, ಪಾಯಗಳ ಲೆಕ್ಕವೆಲ್ಲ ಈ ನಿಯಮದ ಮೇಲೆಯೇ ನಿಂತಿದೆ.

ಮಣ್ಣಿನ ಗುಣದಿಂದ ಎಷ್ಟು ಅಂತರವಾಗುತ್ತದೆಂಬುದನ್ನು ನೋಡಿರಿ. ಒಂದು ಮೀಟರು ದಾರಿಗೆ ಒಂದು ಮೀಟರು ಇಳಿತವಿದ್ದರೆ, ದಪ್ಪ ಉಸುಕಿನ ಒಂದು ಚದರ ಮೀಟರು ಜಾಗದಿಂದ ಒಂದು ದಿನಕ್ಕೆ ಹತ್ತಾರು ಸಾವಿರ ಲೀಟರು ನೀರು ದಾಟಬಲ್ಲದು. ಅದೇ ಜಾಗದಲ್ಲಿ ನೆನೆದು ಉಬ್ಬಿದ ಜಿಗುಟು ಮಣ್ಣಿದ್ದರೆ ಹಗಲು ರಾತ್ರಿ ಸೇರಿ ಒಂದು ಲೋಟದಷ್ಟೂ ದಾಟದಿರಬಹುದು. ಕೆಂಪು ನೆಲ, ಗರಸು (ಮುರುಮು) ಇವು ಈ ಎರಡರ ನಡುವೆ ಬರುತ್ತವೆ.

ನೀರು ಕೆಳಕ್ಕೆ ಮಾತ್ರವಲ್ಲ, ಮೇಲಕ್ಕೂ ಏರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವಂತೆ ಮಣ್ಣಿನ ಸಣ್ಣ ಸಂದುಗಳು ತೇವವನ್ನು ಎಳೆದುಕೊಳ್ಳುತ್ತವೆ. ಸಂದು ಸಣ್ಣದಾದಷ್ಟೂ ಏರುವ ಎತ್ತರ ಹೆಚ್ಚು. ಗೋಡೆಯ ಬುಡದಲ್ಲಿ ಸುಣ್ಣ ಉದುರಿ ಬಿಳಿ ಉಪ್ಪು ಹೂಬಿಟ್ಟಂತೆ ಕಾಣುವುದು ಇದರಿಂದಲೇ.

ಎರೆ ಮಣ್ಣಿನ ವಿಶೇಷ

ಎರೆ ಮಣ್ಣಿನಲ್ಲಿ ಇನ್ನೊಂದು ಗುಣವಿದೆ. ಕೆಂಪು ಮಣ್ಣಿನಲ್ಲಿ ನೀರು ಕಣಗಳ ನಡುವೆ ಹಾದುಹೋಗುತ್ತದೆ. ಎರೆ ಮಣ್ಣಿನಲ್ಲಿ ನೀರು ಕಣದೊಳಕ್ಕೇ ಸೇರುತ್ತದೆ. ಈ ಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಜಾತಿಯ ಜೇಡಿ ಖನಿಜ ಹೇರಳವಾಗಿದೆ. ಇದರ ಕಣವು ಪುಸ್ತಕದ ಹಾಳೆಗಳಂತೆ ಅತಿ ತೆಳುವಾದ ಪದರಗಳಿಂದ ಕೂಡಿರುತ್ತದೆ. ನೀರು ಈ ಪದರಗಳ ನಡುವೆ ನುಗ್ಗಿ ಅವುಗಳನ್ನು ದೂರ ಸರಿಸುತ್ತದೆ. ಆಗ ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಪದರಗಳು ಮತ್ತೆ ಹತ್ತಿರ ಬಂದು ಮಣ್ಣು ಕುಗ್ಗುತ್ತದೆ, ನೆಲ ಬಾಯಿ ಬಿಡುತ್ತದೆ.

ಬೇಸಿಗೆಯಲ್ಲಿ ನಿಮ್ಮ ಹೊಲದ ಬಿರುಕಿನಲ್ಲಿ ಕೋಲು ಇಳಿಬಿಟ್ಟು ನೋಡಿರುತ್ತೀರಿ. ಅದು ಒಂದು ಮೀಟರಿನವರೆಗೆ, ಕೆಲವೆಡೆ ಇನ್ನೂ ಆಳಕ್ಕೆ ಇಳಿಯುತ್ತದೆ. ಮಿರಗದ ಮೊದಲ ಮಳೆ ಬಿದ್ದಾಗ ನೀರು ಈ ಬಿರುಕುಗಳಲ್ಲಿ ಗಟಗಟನೆ ಇಳಿದು ಆಳದ ಮಣ್ಣನ್ನು ನೆನೆಸುತ್ತದೆ. ಕೆಲವು ದಿನಗಳಲ್ಲಿ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಅದೇ ಹೊಲದಲ್ಲಿ ನೀರು ಇಂಗದೆ ಮೇಲೆ ನಿಲ್ಲುತ್ತದೆ. ಅಂದರೆ ಎರೆ ಭೂಮಿ ಬೇಸಿಗೆಯ ಕೊನೆಯಲ್ಲಿ ಜರಡಿಯಂತೆ, ಮಳೆಗಾಲದಲ್ಲಿ ಮುಚ್ಚಳದಂತೆ ವರ್ತಿಸುತ್ತದೆ. ಒಳಗೆ ಸೇರಿದ ನೀರು ಬೇಗ ಹೊರಬರುವುದಿಲ್ಲ. ಹಿಂಗಾರಿ ಜೋಳ ಮಳೆಯಿಲ್ಲದೆಯೂ ಬೆಳೆಯುವುದು ಈ ಗುಣದಿಂದ. ಬೆಳೆಗೆ ವರವಾದ ಗುಣವೇ ಮನೆಗೆ ತೊಂದರೆಯಾಗುತ್ತದೆ.

ಭಾರ ಹೊರುವ ಶಕ್ತಿಯ ಮೇಲೆ ನೀರಿನ ಪರಿಣಾಮ

ಬಾವಿಯಲ್ಲಿ ಮುಳುಗಿದ ಕೊಡವನ್ನು ಎಳೆಯುವಾಗ ನೀರಿನೊಳಗೆ ಇರುವವರೆಗೆ ಹಗುರವಾಗಿರುತ್ತದೆ. ನೀರು ಬಿಟ್ಟು ಮೇಲೆ ಬಂದ ಕೂಡಲೇ ಭಾರವಾಗುತ್ತದೆ. ಮಣ್ಣಿನ ಕಣಗಳಿಗೂ ಹೀಗೆಯೇ. ಅಂತರ್ಜಲ ಮೇಲೇರಿ ಕಣಗಳು ಮುಳುಗಿದಾಗ ಅವು ಒಂದರ ಮೇಲೊಂದು ಒತ್ತಿ ಹಿಡಿಯುವ ಬಲ ಕಡಿಮೆಯಾಗುತ್ತದೆ. ಕಣಗಳು ಒತ್ತಿ ಹಿಡಿದಷ್ಟೇ ನೆಲಕ್ಕೆ ಶಕ್ತಿ. ಈ ತತ್ವವನ್ನು ಕಾರ್ಲ್ ಟೆರ್ಜಾಗಿ ಎಂಬ ವಿಜ್ಞಾನಿ ವಿವರಿಸಿದರು. 1925ರಲ್ಲಿ ಪ್ರಕಟವಾದ ಅವರ ಗ್ರಂಥದಿಂದಲೇ ಇಂದಿನ ಪಾಯದ ಶಾಸ್ತ್ರ ಆರಂಭವಾಯಿತೆನ್ನಬಹುದು. ಉಸುಕಿನ ನೆಲದಲ್ಲಿ ನೀರಿನ ಮಟ್ಟ ಪಾಯದವರೆಗೆ ಏರಿದರೆ ನೆಲದ ಭಾರ ಹೊರುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಆದುದರಿಂದ ಕೆರೆಯ ಕೆಳಮಗ್ಗುಲಲ್ಲಿ, ಹಳ್ಳದ ದಂಡೆಯಲ್ಲಿ, ಕಾಲುವೆಯ ಬದಿಯಲ್ಲಿ ಕಟ್ಟುವವರು ಬೇಸಿಗೆಯಲ್ಲಿ ನೆಲ ಗಟ್ಟಿಯಾಗಿದೆಯೆಂದು ಮೋಸಹೋಗಬಾರದು. 2020ರ ಅಕ್ಟೋಬರಿನಲ್ಲಿ ಭೀಮಾ ನದಿಗೆ ಮಹಾಪೂರ ಬಂದಾಗ ನಮ್ಮ ಜಿಲ್ಲೆಯ ದಂಡೆಯ ಹಳ್ಳಿಗಳಲ್ಲಿ ಮನೆಗಳು ನೆನೆದು ಬಿದ್ದುದನ್ನು ಯಾರೂ ಮರೆತಿಲ್ಲ. ಹೊಳೆಯ ನೀರು ಕಣ್ಣಿಗೆ ಕಾಣುತ್ತದೆ. ನೆಲದೊಳಗಿನ ನೀರು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಎರೆ ಮಣ್ಣಿನಲ್ಲಿ ಅಪಾಯ ಇನ್ನೊಂದು ಬಗೆಯದು. ಮಣ್ಣು ಉಬ್ಬುವಾಗ ಮೇಲಿರುವುದನ್ನು ಎತ್ತುತ್ತದೆ. ಈ ಒತ್ತಡವು ಸಾಮಾನ್ಯವಾಗಿ ಒಂದು ಚದರ ಮೀಟರಿಗೆ 5 ಟನ್ನಿನಿಂದ 30 ಟನ್ನಿನವರೆಗೆ ಇರುತ್ತದೆ. ಒಂದು ಅಂತಸ್ತಿನ ಮನೆಯ ಗೋಡೆಯು ತನ್ನ ಪಾಯದ ಮೇಲೆ ಹೇರುವ ಭಾರ ಚದರ ಮೀಟರಿಗೆ ಸುಮಾರು 5-6 ಟನ್ನು. ಹೀಗಿರುವಾಗ ಮಣ್ಣು ಮನೆಯನ್ನು ಎತ್ತದೆ ಬಿಟ್ಟೀತೆ? ಮನೆ ಭಾರವಾದದ್ದರಿಂದ ಬಿರುಕು ಬಿಟ್ಟಿತೆಂದು ಅನೇಕರು ತಿಳಿಯುತ್ತಾರೆ. ಎರೆ ಭೂಮಿಯಲ್ಲಿ ಅದು ತಲೆಕೆಳಗು. ಇಲ್ಲಿ ಹಗುರವಾದ ಚಿಕ್ಕ ಮನೆ, ಆವರಣ ಗೋಡೆ, ಕೊಟ್ಟಿಗೆ, ತೊಟ್ಟಿಗಳೇ ಹೆಚ್ಚು ಸೀಳುತ್ತವೆ.

ಮನೆಯ ಕೆಳಗೆ ನಡೆಯುವುದೇನು?

ನೆಲವೆಲ್ಲ ಒಂದೇ ಸಮನೆ ಉಬ್ಬಿ ಒಂದೇ ಸಮನೆ ಕುಗ್ಗಿದರೆ ಮನೆಯೂ ಒಟ್ಟಿಗೆ ಏರಿ ಇಳಿದೀತು, ಬಿರುಕು ಬಾರದು. ಹಾಗಾಗುವುದಿಲ್ಲ. ಮನೆ ಕಟ್ಟಿದ ಮೇಲೆ ನಡುಭಾಗದ ಮಣ್ಣಿಗೆ ಬಿಸಿಲು ತಾಗುವುದಿಲ್ಲ. ಕೆಳಗಿನಿಂದ ಏರಿದ ತೇವ ಅಲ್ಲಿಯೇ ಕೂಡುತ್ತದೆ, ಮಣ್ಣು ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಉಬ್ಬುತ್ತದೆ. ಅಂಚಿನ ಮಣ್ಣು ಮಾತ್ರ ಮಳೆಗಾಲದಲ್ಲಿ ನೆನೆದು ಬೇಸಿಗೆಯಲ್ಲಿ ಒಣಗುತ್ತಿರುತ್ತದೆ. ಇದರಿಂದ ಮನೆಯ ನಡು ಒಂದು ರೀತಿ, ಮೂಲೆಗಳು ಇನ್ನೊಂದು ರೀತಿ ಚಲಿಸುತ್ತವೆ. ಗೋಡೆ ಇದನ್ನು ತಾಳಲಾರದೆ ಸೀಳುತ್ತದೆ.

ಬಿರುಕನ್ನು ನೋಡಿ ಕೆಳಗೆ ಏನಾಗುತ್ತಿದೆ ಎಂದು ಊಹಿಸಬಹುದು. ಬಿರುಕು ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದು ಬೇಸಿಗೆಯಲ್ಲಿ ಹೆಚ್ಚುತ್ತಿದ್ದರೆ, ಮೂಲೆಗಳ ಮಣ್ಣು ಒಣಗಿ ಕುಸಿಯುತ್ತಿದೆ ಎಂದು ತಿಳಿಯಬೇಕು. ಕೆಳಗೆ ಅಗಲವಾಗಿ ಮಳೆಗಾಲದಲ್ಲಿ ಹೆಚ್ಚುತ್ತಿದ್ದರೆ, ಅಂಚುಗಳು ನೆನೆದು ಮೇಲೇಳುತ್ತಿವೆ. ಒಂದೇ ಮೂಲೆಯಲ್ಲಿ ಬಿರುಕಿದ್ದರೆ ಆ ಮೂಲೆಯ ಬಳಿ ಬಚ್ಚಲ ನೀರು, ಸೋರುವ ನಳ ಅಥವಾ ದೊಡ್ಡ ಮರವಿದೆಯೇ ಎಂದು ಹುಡುಕಿರಿ.

ಮೊದಲು ಗುಂಡಿ ತೋಡಿ ನೋಡಿರಿ

ನಮ್ಮ ಹಿರಿಯರು ಜೋಳ ತುಂಬಿಡಲು ಹಗೇವು ತೋಡುವಾಗ ಎಲ್ಲೆಂದರಲ್ಲಿ ತೋಡುತ್ತಿರಲಿಲ್ಲ. ನೀರು ನಿಲ್ಲದ, ಒಳಗೆ ತೇವ ಬಾರದ ಎತ್ತರದ ಗಟ್ಟಿ ನೆಲವನ್ನು ಹುಡುಕುತ್ತಿದ್ದರು. ಕಾಳು ಕೆಡಬಾರದೆಂದು ಅಷ್ಟು ಜಾಗ್ರತೆ. ಅಷ್ಟೇ ಜಾಗ್ರತೆ ಮನೆಗೂ ಬೇಕು.

ನಿವೇಶನ ಕೊಳ್ಳುವ ಮೊದಲೇ, ಸಾಧ್ಯವಾಗದಿದ್ದರೆ ಕಟ್ಟುವ ಮೊದಲು, ಒಂದು ಮೀಟರು ಉದ್ದಗಲದ ಗುಂಡಿಯನ್ನು ಕನಿಷ್ಠ 2 ಮೀಟರು ಆಳಕ್ಕೆ ಅಥವಾ ಗರಸು ಸಿಗುವವರೆಗೆ ತೋಡಿಸಿರಿ. ಗುಂಡಿಯ ಬದಿ ಕುಸಿಯದಂತೆ ಎಚ್ಚರವಿರಲಿ. ಕೆಳಗಿನ ಅಂಶಗಳನ್ನು ಬರೆದಿಟ್ಟುಕೊಳ್ಳಿರಿ.

1. ಕಪ್ಪು ಮಣ್ಣು ಎಷ್ಟು ಆಳದವರೆಗೆ ಇದೆ? ಅದರ ಕೆಳಗೆ ಗರಸು, ಬಂಡೆ, ಸುಣ್ಣದ ಹರಳು ಇವುಗಳಲ್ಲಿ ಯಾವುದು ಇದೆ?

2. ಗುಂಡಿಯ ಬದಿಯಿಂದ ನೀರು ಜಿನುಗುತ್ತದೆಯೇ? ಯಾವ ಪದರದಿಂದ, ಯಾವ ದಿಕ್ಕಿನಿಂದ?

3. ತಳದಲ್ಲಿ ಒಂದು ಅಡಿ ಆಳದ ಕುಣಿ ಮಾಡಿ ನೀರು ತುಂಬಿದರೆ ಎಷ್ಟು ಹೊತ್ತಿಗೆ ಇಂಗುತ್ತದೆ? ಮರುದಿನವೂ ನೀರು ನಿಂತಿದ್ದರೆ ಅದು ನೀರು ಬಿಡದ ನೆಲ.

ಸಾಧ್ಯವಿದ್ದರೆ ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಕೂಡಲೇ ಇನ್ನೊಮ್ಮೆ ನೋಡಿರಿ. ಒಂದೇ ಋತುವಿನಲ್ಲಿ ನೋಡಿದರೆ ಅರ್ಧ ಸತ್ಯ ಮಾತ್ರ ತಿಳಿಯುತ್ತದೆ.

ಮಣ್ಣು ಎಷ್ಟು ಉಬ್ಬುತ್ತದೆಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಪಾಯ ಬರುವ ಆಳದ ಮಣ್ಣನ್ನು ತಂದು ಒಣಗಿಸಿ, ಪುಡಿಮಾಡಿ, ತೆಳು ಬಟ್ಟೆಯಲ್ಲಿ ಸೋಸಿರಿ. ಒಂದೇ ಅಳತೆಯ ಎರಡು ಗಾಜಿನ ಸೀಸೆಗಳಲ್ಲಿ ಸಮತೂಕದ ಪುಡಿಯನ್ನು ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, 24 ಗಂಟೆ ಬಿಡಿರಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ತಳದಲ್ಲಿ ಕೂತ ಮಣ್ಣಿನ ಎತ್ತರವನ್ನು ಅಳೆಯಿರಿ. ಸೀಮೆಎಣ್ಣೆಯಲ್ಲಿ 4 ಸೆಂ.ಮೀ., ನೀರಿನಲ್ಲಿ 7 ಸೆಂ.ಮೀ. ಇದ್ದರೆ ಹೆಚ್ಚಳ 3 ಸೆಂ.ಮೀ., ಅಂದರೆ ಶೇಕಡ 75. ಪ್ರಯೋಗಾಲಯದ ಕ್ರಮದಲ್ಲಿ ಶೇಕಡ 50ಕ್ಕಿಂತ ಕಡಿಮೆಯಾದರೆ ಉಬ್ಬುವ ಗುಣ ಕಡಿಮೆ, 50ರಿಂದ 100ರವರೆಗೆ ಮಧ್ಯಮ, 100ಕ್ಕಿಂತ ಮೇಲಾದರೆ ಹೆಚ್ಚು ಎಂದು ಎಣಿಸಲಾಗುತ್ತದೆ. ಮನೆಯ ಪರೀಕ್ಷೆ ಅಂದಾಜಿಗೆ ಮಾತ್ರ. ಶೇಕಡ 50 ದಾಟಿದರೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಕ್ಷೇಮ.

ಒಂದು ಮಾತು ನೆನಪಿರಲಿ. ಗೊಬ್ಬರದ ಪ್ರಮಾಣ ತಿಳಿಯಲು ಮಾಡಿಸುವ ಮಣ್ಣು ಪರೀಕ್ಷೆ ಬೇರೆ, ಕಟ್ಟಡಕ್ಕಾಗಿ ಮಾಡಿಸುವ ಮಣ್ಣು ಪರೀಕ್ಷೆ ಬೇರೆ. ಎರಡನೆಯದಕ್ಕೆ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ವಿಚಾರಿಸಬೇಕು. ಕಲಬುರಗಿಯಲ್ಲಿ 1958ರಲ್ಲಿ ಆರಂಭವಾದ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜು ಇದೆ.

ಯಾವ ನೆಲಕ್ಕೆ ಯಾವ ಪಾಯ?

ಕೆಂಪು ನೆಲ ಮತ್ತು ಗರಸು ನೆಲ: ಸಡಿಲ ಮಣ್ಣನ್ನು ತೆಗೆದು ಗಟ್ಟಿ ಪದರ ಸಿಗುವವರೆಗೆ ತೋಡಿ ಸಾಮಾನ್ಯ ಕಲ್ಲಿನ ಪಾಯ ಹಾಕಬಹುದು. ಇಲ್ಲಿ ನೀರು ಸರಾಗವಾಗಿ ಬಸಿದುಹೋಗುತ್ತದೆ. ಇಳಿಜಾರಿನ ನಿವೇಶನವಾದರೆ ಮೇಲಿನ ಮಗ್ಗುಲಿನಿಂದ ಬರುವ ನೀರನ್ನು ಕಾಲುವೆ ತೆಗೆದು ಬದಿಗೆ ತಿರುಗಿಸಬೇಕು. ಇಲ್ಲವಾದರೆ ಪಾಯದ ಬುಡದ ಸಣ್ಣ ಕಣಗಳನ್ನು ನೀರು ಕೊಚ್ಚಿಕೊಂಡು ಹೋಗುತ್ತದೆ.

ತೆಳುವಾದ ಎರೆ ಮಣ್ಣು: ಒಂದು, ಒಂದೂವರೆ ಮೀಟರಿನೊಳಗೆ ಗರಸು ಸಿಗುವುದಾದರೆ ಹಣ ಉಳಿಸುವ ಆಸೆಗೆ ಬೀಳದೆ ಗರಸಿನವರೆಗೆ ತೋಡಿ ಅದರ ಮೇಲೆಯೇ ಪಾಯ ಕೂರಿಸಿರಿ.

ಆಳವಾದ ಎರೆ ಮಣ್ಣು: ಇಲ್ಲಿ ಎರಡು ಮಾರ್ಗಗಳಿವೆ. ಮೊದಲನೆಯದು ಪಾಯದ ಕೆಳಗಿನ ಎರೆ ಮಣ್ಣನ್ನು ತೆಗೆದು ಸುಮಾರು ಒಂದು ಮೀಟರು ದಪ್ಪಕ್ಕೆ, ಅಂಟು ಇದ್ದರೂ ಉಬ್ಬದ ಗರಸು ಮಣ್ಣನ್ನು ತುಂಬುವುದು. ಮುಂಬಯಿಯ ಐ.ಐ.ಟಿ.ಯ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರು ಎರೆ ಮಣ್ಣಿನ ಮೇಲೆ ಬಹುಕಾಲ ಸಂಶೋಧನೆ ನಡೆಸಿ ಈ ಕ್ರಮವನ್ನು ರೂಪಿಸಿದರು. ಗರಸನ್ನು 15-20 ಸೆಂ.ಮೀ. ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಒಂದೊಂದು ಪದರವನ್ನೂ ಚೆನ್ನಾಗಿ ಧಮ್ಮಸು ಮಾಡಬೇಕು.

ಎರಡನೆಯದು ತಳದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳ ಪಾಯ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಇದನ್ನು ಅಭಿವೃದ್ಧಿಪಡಿಸಿ ಬಳಕೆಗೆ ತಂದಿತು. ನೆಲದಲ್ಲಿ ಸುಮಾರು 3.5 ಮೀಟರು ಆಳಕ್ಕೆ ರಂಧ್ರ ಕೊರೆದು, ತಳಭಾಗವನ್ನು ಕಂಬದ ಎರಡೂವರೆ ಪಟ್ಟು ಅಗಲ ಮಾಡಿ, ಕಬ್ಬಿಣ ಇಟ್ಟು ಕಾಂಕ್ರೀಟ್ ತುಂಬುತ್ತಾರೆ. ಕಂಬ 30 ಸೆಂ.ಮೀ. ಇದ್ದರೆ ಗಡ್ಡೆ 75 ಸೆಂ.ಮೀ. ಇರುತ್ತದೆ. ಅಷ್ಟು ಆಳದಲ್ಲಿ ಬೇಸಿಗೆ ಮಳೆಗಾಲಗಳ ತೇವದ ಏರಿಳಿತ ಬಹಳ ಕಡಿಮೆ. ಬೇರು ಆಳಕ್ಕೆ ಇಳಿದ ತೊಗರಿ ಗಿಡದಂತೆ ಮನೆ ಕೆಳಗಿನ ಸ್ಥಿರ ನೆಲವನ್ನು ಹಿಡಿದು ನಿಲ್ಲುತ್ತದೆ. ಕಂಬಗಳ ತಲೆಯ ಮೇಲೆ ತೊಲೆ ಹಾಕುವಾಗ ಅದರ ಅಡಿಗೂ ನೆಲಕ್ಕೂ ನಡುವೆ ಸುಮಾರು 8 ಸೆಂ.ಮೀ. ಸಂದು ಬಿಡಲೇಬೇಕು. ಮಳೆಗಾಲದಲ್ಲಿ ಉಬ್ಬುವ ಮಣ್ಣಿಗೆ ಆ ಜಾಗ. ಸಂದು ಬಿಡದಿದ್ದರೆ ಮಣ್ಣು ತೊಲೆಯನ್ನೇ ಎತ್ತಿ ಎಲ್ಲ ಖರ್ಚೂ ವ್ಯರ್ಥವಾಗುತ್ತದೆ. ಈ ಪಾಯವನ್ನು ಇಂಜಿನಿಯರರ ಲೆಕ್ಕವಿಲ್ಲದೆ ಹಾಕಿಸಬಾರದು.

ಯಾವ ಪಾಯವಾದರೂ ಎರೆ ನೆಲದಲ್ಲಿ ನೆಲಗಟ್ಟಿನ ಮಟ್ಟದಲ್ಲಿಯೂ ಬಾಗಿಲು ಕಿಟಕಿಗಳ ಮೇಲೂ ಮನೆಯ ಸುತ್ತ ಕಬ್ಬಿಣದ ಕಾಂಕ್ರೀಟ್ ಪಟ್ಟಿ ಹಾಕಿಸಿರಿ. ನೆಲಗಟ್ಟಿನ ಮಟ್ಟದಲ್ಲಿ ತೇವ ಏರದಂತೆ ತಡೆಯುವ ಪದರವೂ ಇರಲಿ. ಕೋಣೆಯ ಒಳಗಿನ ಎರೆ ಮಣ್ಣನ್ನು ಸಾಧ್ಯವಾದಷ್ಟು ತೆಗೆದು ಗರಸು ತುಂಬಿಸಿ ಫರಸಿ ಹಾಸಿರಿ. ಪಾಯದ ಕಂದಕವನ್ನು ತೋಡಿ ವಾರಗಟ್ಟಲೆ ಬಿಸಿಲಿಗೂ ಮಳೆಗೂ ತೆರೆದು ಬಿಡಬೇಡಿರಿ.

ಉಸುಕು ತುಂಬುವ ತಪ್ಪು

ಎರೆ ಭೂಮಿಯಲ್ಲಿ ಕಂದಕ ತೋಡಿ ಅದರಲ್ಲಿ ಉಸುಕು ತುಂಬಿ ಮೇಲೆ ಪಾಯ ಕಟ್ಟುವ ರೂಢಿ ಹಲವು ಕಡೆ ಇದೆ. ಉಸುಕು ಉಬ್ಬುವುದಿಲ್ಲ, ನೀರನ್ನು ಬಸಿಯುತ್ತದೆ ಎಂಬ ವಿಚಾರ. ವಿಚಾರವೇನೋ ಸರಿ. ಆದರೆ ನೀರು ಬಸಿದು ಹೋಗುವುದಾದರೂ ಎಲ್ಲಿಗೆ? ಸುತ್ತಲೂ ಕೆಳಗೂ ಇರುವುದು ನೀರು ಬಿಡದ ಎರೆ ಮಣ್ಣು. ಮೇಲಿನ ನೀರೆಲ್ಲ ಸುಲಭದ ದಾರಿ ಹಿಡಿದು ಉಸುಕಿಗೆ ಇಳಿಯುತ್ತದೆ, ಹೊರಹೋಗಲಾರದೆ ಅಲ್ಲಿಯೇ ನಿಲ್ಲುತ್ತದೆ. ನಮ್ಮ ಕೈಯಿಂದಲೇ ಪಾಯದ ಕೆಳಗೆ ಉದ್ದನೆಯ ತೊಟ್ಟಿ ಕಟ್ಟಿದಂತಾಗುತ್ತದೆ. ಅದು ತಿಂಗಳುಗಟ್ಟಲೆ ಎರೆ ಮಣ್ಣಿಗೆ ನೀರುಣಿಸುತ್ತದೆ. ಕಂದಕದ ತಳಕ್ಕೆ ಇಳಿಜಾರು ಕೊಟ್ಟು ನೀರು ದೂರ ಹೋಗಲು ದಾರಿ ಇಲ್ಲದಿದ್ದರೆ ಬರೀ ಉಸುಕು ತುಂಬಬಾರದು. ಅಂಟು ಗುಣವುಳ್ಳ ಗರಸನ್ನು ಧಮ್ಮಸು ಮಾಡಿ ತುಂಬುವುದೇ ಲೇಸು.

ನೀರನ್ನು ದೂರವಿಡುವ ಕ್ರಮಗಳು

ಪಾಯ ಎಷ್ಟೇ ಒಳ್ಳೆಯದಿರಲಿ, ಸುತ್ತಲಿನ ತೇವ ವರ್ಷವಿಡೀ ಒಂದೇ ಸಮನಾಗಿರುವಂತೆ ನೋಡಿಕೊಂಡರೆ ಮಾತ್ರ ಮನೆ ಬಾಳುತ್ತದೆ. ಇದಕ್ಕೆ ಖರ್ಚು ಕಡಿಮೆ, ಕಾಳಜಿ ಹೆಚ್ಚು ಬೇಕು.

1. ಮನೆಯ ಸುತ್ತ ಒಂದೂವರೆಯಿಂದ ಎರಡು ಮೀಟರು ಅಗಲದ, ಹೊರಕ್ಕೆ ಇಳಿಜಾರಾದ ಕಟ್ಟೆ ಹಾಕಿಸಿರಿ. ಎರೆ ಮಣ್ಣನ್ನು ಒಂದಡಿ ತೆಗೆದು ಗರಸು ಧಮ್ಮಸು ಮಾಡಿ ಮೇಲೆ ಫರಸಿ ಅಥವಾ ಕಾಂಕ್ರೀಟ್ ಹಾಸಬಹುದು. ಮಳೆಗಾಲದಲ್ಲಿ ನೀರು ಇಳಿಯದಂತೆ, ಬೇಸಿಗೆಯಲ್ಲಿ ತೇವ ಆರದಂತೆ ಇದು ಎರಡೂ ಕಡೆ ಕಾಯುತ್ತದೆ.

2. ಮಾಳಿಗೆಯ ನೀರು ಗೋಡೆಯ ಬುಡಕ್ಕೆ ಧುಮುಕಬಾರದು. ಕೊಳವೆಯಿಂದ ಇಳಿಸಿ ಕಟ್ಟೆಯಾಚೆ ಸಾಗಿಸಿರಿ.

3. ಬಚ್ಚಲ ಮತ್ತು ಅಡುಗೆಮನೆಯ ನೀರಿಗೆ ಪಕ್ಕಾ ಗಟಾರ ಬೇಕು. ಇಂಗುಗುಂಡಿಯನ್ನು ಗೋಡೆಯಿಂದ ಕನಿಷ್ಠ 6 ಮೀಟರು (20 ಅಡಿ) ದೂರದಲ್ಲಿ, ತಗ್ಗಿನ ಮಗ್ಗುಲಲ್ಲಿ ಮಾಡಿರಿ.

4. ಗೋಡೆಗೆ ತಾಗಿದಂತೆ ಬಾಳೆ, ಹೂಗಿಡಗಳ ಮಡಿ ಮಾಡಿ ದಿನವೂ ನೀರು ಬಿಡಬೇಡಿರಿ. ಕಮಲಾಪುರದ ಕೆಂಪು ನೆಲದಲ್ಲಿ ಇದು ನಡೆದೀತು. ಎರೆ ನೆಲದಲ್ಲಿ ಒಂದು ಮಗ್ಗುಲಿನ ಗೋಡೆಯನ್ನು ನೀವೇ ಎತ್ತಿದಂತಾಗುತ್ತದೆ.

5. ಬೇವು, ಆಲ, ನೀಲಗಿರಿಯಂಥ ಮರಗಳು ಬೇಸಿಗೆಯಲ್ಲಿ ಆಳದ ತೇವವನ್ನು ಹೀರಿ ಮಣ್ಣನ್ನು ಕುಗ್ಗಿಸುತ್ತವೆ. ಮರವು ಬೆಳೆದಾಗ ಎಷ್ಟು ಎತ್ತರವಾಗುವುದೋ ಅಷ್ಟು ದೂರದಲ್ಲಿ ನೆಡಿರಿ.

6. ಕೃಷಿ ಹೊಂಡ, ನೀರಿನ ತೊಟ್ಟಿಗಳನ್ನು ಮನೆಯ ಮೇಲಿನ ಮಗ್ಗುಲಿಗೆ ಮಾಡಬೇಡಿರಿ.

ಈಗಾಗಲೇ ಬಿರುಕು ಬಿಟ್ಟ ಮನೆಗೆ

ಬಿರುಕು ಕಂಡೊಡನೆ ಸಿಮೆಂಟು ತುಂಬಿ ಸುಣ್ಣ ಬಳಿಯುವುದರಿಂದ ಪ್ರಯೋಜನವಿಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಗುರುತು ಮಾಡಿ ತಾರೀಖು ಬರೆಯಿರಿ. ಅಗಲವನ್ನು ಮೇ ತಿಂಗಳಲ್ಲಿಯೂ ಸೆಪ್ಟೆಂಬರಿನಲ್ಲಿಯೂ ಅಳೆಯಿರಿ. ಋತುವಿನೊಂದಿಗೆ ಹಿಗ್ಗಿ ಕುಗ್ಗುತ್ತಿದ್ದರೆ ಕಾರಣ ನೀರೇ. ಮೊದಲು ನೀರಿನ ದಾರಿ ಸರಿಪಡಿಸಿರಿ, ಸುತ್ತಲೂ ಕಟ್ಟೆ ಹಾಕಿಸಿರಿ. ಒಂದೆರಡು ವರ್ಷ ಬಿರುಕು ನಿಂತಲ್ಲೇ ನಿಂತ ಮೇಲೆ ಅದನ್ನು ತುಂಬಿಸಿರಿ. ಮನೆ ಪಕ್ಕದ ಹಳೆಯ ದೊಡ್ಡ ಮರವನ್ನು ಅವಸರದಿಂದ ಕಡಿಯಬಾರದು. ಅದು ಹೀರುತ್ತಿದ್ದ ನೀರು ನೆಲದಲ್ಲಿಯೇ ಉಳಿದು ಮಣ್ಣು ಉಬ್ಬಿ ಹೊಸ ಬಿರುಕು ಬರಬಹುದು. ಗೋಡೆ ವಾಲುತ್ತಿದ್ದರೆ, ಬಿರುಕು ಎರಡೂ ಋತುಗಳಲ್ಲಿ ಬೆಳೆಯುತ್ತಲೇ ಇದ್ದರೆ, ತಡಮಾಡದೆ ಇಂಜಿನಿಯರರಿಗೆ ತೋರಿಸಿರಿ. ಅಲ್ಲಿಯವರೆಗೆ ಆ ಕೋಣೆಯಲ್ಲಿ ಮಲಗಬೇಡಿರಿ.

ಒಡ್ಡಿಗೂ ಇದೇ ನಿಯಮ

ಎರೆ ಮಣ್ಣು ಎಲ್ಲೆಡೆಯೂ ವೈರಿಯಲ್ಲ. ಮಣ್ಣಿನ ಕೆರೆ ಒಡ್ಡು ಕಟ್ಟುವಾಗ ನಡುವೆ ನೀರು ಬಿಡದ ಜಿಗುಟು ಮಣ್ಣಿನ ತಿರುಳನ್ನೂ, ಹೊರಬದಿಗೆ ಗರಸನ್ನೂ ಹಾಕುತ್ತಾರೆ. ತಿರುಳನ್ನು ನೆಲದೊಳಗೆ ಗಟ್ಟಿ ಪದರದವರೆಗೆ ಇಳಿಸುತ್ತಾರೆ. ಡಾರ್ಸಿಯವರ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ನೀರು ಸುತ್ತಿ ಬರುವ ದಾರಿ ಉದ್ದವಾದಷ್ಟೂ ಅದರ ವೇಗ ತಗ್ಗುತ್ತದೆ, ಮಣ್ಣನ್ನು ಕೊಚ್ಚಲಾರದು. ಒಡ್ಡಿನ ಕೆಳಬದಿಯಲ್ಲಿ ತಿಳಿನೀರು ಸ್ವಲ್ಪ ಜಿನುಗಿದರೆ ಅದರ ಮೇಲೆ ಕಣ್ಣಿಟ್ಟಿರಿ. ಜಿನುಗುವ ನೀರು ರಾಡಿಯಾದರೆ ಒಳಗೆ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಕೂಡಲೇ ಸಂಬಂಧಪಟ್ಟವರಿಗೆ ತಿಳಿಸಿರಿ.

ಕೊನೆಯ ಮಾತು

ಮತ್ತೆ ನಮ್ಮ ಅಣ್ಣ ತಮ್ಮಂದಿರನ್ನು ನೆನೆಯೋಣ. ತಮ್ಮನು ಗೋಡೆಗೆ ಹಾಕಿದ ಸಿಮೆಂಟು ಅಣ್ಣನಿಗಿಂತ ಕಡಿಮೆ ಇರಲಿಲ್ಲ. ಕಡಿಮೆಯಾದದ್ದು ಎರಡು ದಿನದ ಕೆಲಸ, ಅಂದರೆ ಗುಂಡಿ ತೋಡಿ ನೋಡುವುದು ಮತ್ತು ನೀರಿನ ದಾರಿ ಗುರುತಿಸುವುದು. ಬಿತ್ತುವ ಮೊದಲು ಹೊಲದ ಹದ ನೋಡದ ರೈತನಿಲ್ಲ. ಮನೆ ಕಟ್ಟುವುದು ಬಾಳಿನಲ್ಲಿ ಒಮ್ಮೆ ಮಾಡುವ ಬಿತ್ತನೆ, ಅದಕ್ಕೆ ಹಾಕುವುದು ಹಲವು ವರ್ಷಗಳ ಬೆವರಿನ ಹಣ. ಆದುದರಿಂದ ಮುಂದಿನ ರಾಶಿ ಮುಗಿದು ಗೌಂಡಿಯನ್ನು ಕರೆಯುವ ಮೊದಲು ಸಲಿಕೆ ಹಿಡಿದು ಒಂದು ಗುಂಡಿ ತೋಡಿರಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ತಿಳಿದುಕೊಂಡು ಆಮೇಲೆ ಪಾಯಕ್ಕೆ ಪೂಜೆ ಮಾಡಿರಿ.